ಸಹಿಯಾಗದ ಮಸೂದೆ

ಮಲದ ಗುಂಡಿಗೆ ಮನುಷ್ಯರನ್ನು ಇಳಿಸಿದವರಿಗೆ ಜೈಲು ಎಂಬ ಮಸೂದೆಯನ್ನು ಸಂಸತ್ತು ಒಪ್ಪಿ ಎರಡು ವರ್ಷವಾಗಿತ್ತು. ದೇಶದ ಅಧ್ಯಕ್ಷರು ಸಹಿ ಹಾಕಿರಲಿಲ್ಲ. ಅಷ್ಟರಲ್ಲಿ ಗುಂಡಿ ಬಳಿಯುವ ಗಂಗುಲಪ್ಪನ ತಮ್ಮ ಅಂಥದೇ ಗುಂಡಿಯಲ್ಲಿ ಸತ್ತ.

ಈಗ ಅಧ್ಯಕ್ಷರ ಬಂಗಲೆಯ ಗುಂಡಿಯೇ ಕಟ್ಟಿಕೊಂಡಿತ್ತು; ಬಳಿಯಲು ಗಂಗುಲಪ್ಪನನ್ನು ಕರೆಸಿದ್ದರು.

"ದೊಡ್ಡೋರು ಆ ಕಾನೂನು ಬೇಡ ಅಂದ್ರಾ ಸ್ವಾಮಿ?" ಎಂದು ಕೇಳಿದ.

ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದ ಕಾರ್ಯದರ್ಶಿ ನಕ್ಕ. "ಬೇಡ ಅಂತ ವಾಪಸ್ ಕಳಿಸಿದ್ರೆ ಸಂಸತ್ತು ಇನ್ನೊಂದ್ಸಲ ಪಾಸ್ ಮಾಡತ್ತೆ, ಆಗ ಸಹಿ ಹಾಕಲೇಬೇಕು. ಅದಕ್ಕೇ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ, ಸುಮ್ನೆ ಇಟ್ಕೊಂಡಿದಾರೆ. ಗಡುವೇನೂ ಇಲ್ವಲ್ಲ. ನಿನಗೆ ಅರ್ಥ ಆಗಲ್ಲ ಬಿಡು, ಇಳಿ."

ಗಂಗುಲಪ್ಪ ಗುಂಡಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಎಲೆಗೆ ನಿಧಾನವಾಗಿ ಸುಣ್ಣ ಸವರತೊಡಗಿದ.

"ಇಳಿಯಲ್ಲ ಅಂತೀಯೇನೋ?"

"ನಾನೆಲ್ಲಿ ಹಂಗಂದೆ ಸ್ವಾಮಿ?"