ಸಾಹೇಬರ ಬಾಯಲ್ಲಿ ನೀಲವ್ವ

ನನ್ನ ಮಗಳು ನೀಲವ್ವನಿಗೆ ನಡೆಯಲು, ಮಾತಾಡಲು ಬರುವುದಿಲ್ಲ. ಅವಳ ಮಾಸಾಶನ ಮುಂದುವರಿಯಬೇಕಾದರೆ ವರ್ಷಕ್ಕೊಮ್ಮೆ ಕಚೇರಿಯ ಸಾಹೇಬರು ಕಾಲು ತಾಸು ಅವಳ ಮೈಯೊಳಗೆ ಕೂತು ನೋಡಬೇಕು. ಅಷ್ಟು ಹೊತ್ತು ಅವಳು ಸಾಹೇಬರ ಮೈಯಲ್ಲಿರುತ್ತಾಳೆ. ಕಾಯ್ದೆ ಹಾಗಿದೆ.

ಈ ಸಲದ ಸಾಹೇಬರು ಹೊಸಬರು. ಜವಾನ ಇಬ್ಬರ ಹಣೆಗೂ ತಂತಿ ಅಂಟಿಸಿ ಗುಂಡಿ ಒತ್ತಿದ. ಮಗಳ ಮೈಯೊಳಗೆ ಹೋದ ಸಾಹೇಬರು ಗಾಲಿಕುರ್ಚಿಯಲ್ಲಿ ಕಣ್ಣು ಪಿಳಿಪಿಳಿ ಬಿಡತೊಡಗಿದರು.

"ಬೆನ್ನು ತುರಸ್ತೈತೇನ್ರಿ? ತಡೀರಿ" ಎಂದು ನಾನೇ ತುರಿಸಿ, ಜೊಲ್ಲು ಒರೆಸಿದೆ.

ಅತ್ತ ನೀಲವ್ವ ಸಾಹೇಬರ ಮೀಸೆ ತೀಡಿಕೊಂಡು, ಅಂಗಳದಲ್ಲಿ ಓಡಾಡಿ, ಗಾಡಿಯವನ ಹತ್ತಿರ ಮಿರ್ಚಿ ಭಜಿ ತಿಂದು ಬಂದಳು. ಆಮೇಲೆ ಅವರದೇ ಗಡಸು ದನಿಯಲ್ಲಿ, "ಯವ್ವಾ, ದಿನಾ ಉಪ್ಪಿಟ್ಟು ತಿನಿಸಬ್ಯಾಡ. ನಂಗ ಸೇರೂದಿಲ್ಲ" ಅಂದಳು.

"ಹೋದ ವರ್ಷ ಅವಲಕ್ಕಿ ಬ್ಯಾಡ ಅಂದಿ. ಅದಕ್ಕ ಉಪ್ಪಿಟ್ಟು ಸುರು ಮಾಡೀನಿ."

"ಎರಡೂ ಬ್ಯಾಡ. ದ್ವಾಸಿ ಮಾಡು."

ಹೊತ್ತು ಮುಗಿಯಿತು. ತಮ್ಮ ಮೈಗೆ ಮರಳಿದ ಸಾಹೇಬರು ಬೆವತುಹೋಗಿದ್ದರು. "ಇನ್ನ ನೀವು ಬರೂದ ಬ್ಯಾಡ್ರಿ ಯಮ್ಮಾ. ಜೀವನಪೂರ್ತಿ ಮಂಜೂರು ಮಾಡ್ತೀನಿ" ಎಂದು ಪೆನ್ನು ಎತ್ತಿದರು.

ನಾನು ಅವರ ಕೈ ಹಿಡಿದೆ.

"ಬ್ಯಾಡ್ರಿ ಸಾಹೇಬ್ರ, ಒಂದ ವರ್ಷಕ್ಕ ಬರೀರಿ. ದ್ವಾಸಿ ಹೆಂಗಾಗಿತ್ತು ಅಂತ ನಾ ಯಾರನ್ನ ಕೇಳ್ಲಿ?"