ಅನ್ನ, ಅನ್ನ-2 ಮತ್ತು ಒಂದು ಚಮಚ ಹೆಪ್ಪು

ನರಗುಂದದ ಕಡೆಯ ಒಂದು ಶಾಲೆ. ಅಲ್ಲಿ ಬಿಸಿಯೂಟ ಮಾಡುವ ರೇಣವ್ವನಿಗೆ ನಲವತ್ತೆರಡು ವರ್ಷ... ಓದಿದ್ದು ಏಳನೇ ಕ್ಲಾಸು.

ಒಗ್ಗರಣೆಯ ಘಾಟಿಗೆ ಎದೆ ಕಟ್ಟುತ್ತಿತ್ತು. ಒಲೆ ಬಿಡಲೇಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಊರಿನ ಗ್ರಂಥಾಲಯದಲ್ಲಿ ಫ್ರೀ ಕೋಡಿಂಗ್ ಕ್ಲಾಸ್ ಶುರುವಾಯಿತು. ಪಾಸಾದರೆ ಅಲ್ಲೇ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ರೇಣವ್ವ ಸೇರಿಕೊಂಡಳು. ಊರವರು ನಕ್ಕರು... ನಗುವವರಿಗೇನು, ಹಲ್ಲು ಅವರದೇ.

ಕಲಿಯುವ ವೆಬ್‌ಸೈಟ್ ಪುಕ್ಕಟೆಯಾಗಿ ಕೊಡುತ್ತಿದ್ದುದು ಮೂರೇ ವರ್ಕ್‌ಸ್ಪೇಸ್, ಅಂದರೆ ಪ್ರೋಗ್ರಾಂ ಬರೆದಿಡುವ ಜಾಗ. ನಾಲ್ಕನೆಯದು ಬೇಕೆಂದರೆ ಒಂದನ್ನು ಅಳಿಸಬೇಕು.

ಮೊದಲನೆಯದರಲ್ಲಿ ಅವಳ ಮೊಟ್ಟಮೊದಲ ಪ್ರೋಗ್ರಾಂ... ಸ್ಕ್ರೀನ್ ಮೇಲೆ "ರೇಣವ್ವ" ಎಂದು ತೋರಿಸುವುದಷ್ಟೇ ಅದರ ಕೆಲಸ.

ಉಳಿದೆರಡರ ಹೆಸರು "ಅನ್ನ" ಮತ್ತು "ಅನ್ನ-2". ಇಷ್ಟು ಮಕ್ಕಳು ಬಂದರೆ ಇಷ್ಟು ಅಕ್ಕಿ, ಇಷ್ಟು ಬೇಳೆ ಎಂದು ಹೇಳುವ ಪ್ರೋಗ್ರಾಂ. ಮೂರು ವಾರದ ಬೆವರು.

ಪರೀಕ್ಷೆಯ ದಿನ ಕೋಡಿಂಗ್ ಕಲಿಸುವ ಫಯಾಜ್ ಸರ್, ಹೊಸ ವರ್ಕ್‌ಸ್ಪೇಸ್ ತೆರೆದು ಸಂಜೆ ಐದು ಗಂಟೆಯೊಳಗೆ ಪ್ರೋಗ್ರಾಂ ಅದರಲ್ಲಿ ಹಾಕಿ ತೋರಿಸಿ ಎಂದರು.

ತನ್ನ ಹೆಸರಿನದನ್ನು ಅಳಿಸಲು ರೇಣವ್ವನಿಗೆ ಕೈ ಬರಲಿಲ್ಲ. "ಅನ್ನ" ಹಳೆಯದು, ಹೋಗಲಿ ಎಂದು ಅದನ್ನು ಡಿಲೀಟ್ ಮಾಡಿದಳು.

ಆಮೇಲೆ "ಅನ್ನ-2" ತೆರೆದರೆ... ಅರ್ಧಕ್ಕೇ ಬಿಟ್ಟ ಕೋಡ್. ತಿದ್ದಿ ತೀಡಿ ಸರಿ ಮಾಡಿದ್ದೆಲ್ಲ ಹಳೆಯದರಲ್ಲೇ ಎನ್ನುವುದು ಆಗ ನೆನಪಾಯಿತು.

ಅಳಿಸಿದ್ದು ವಾಪಸ್ ಬರುವುದಿಲ್ಲ. ಆರು ತಿಂಗಳ ಮೇಲೆ ಮುಂದಿನ ಬ್ಯಾಚಿಗೆ ಬನ್ನಿ ಎಂದರು ಸರ್. ಅಂದರೆ ಇನ್ನೂ ಆರು ತಿಂಗಳು ಅದೇ ಒಲೆ... ಆಗ ಗಂಟೆ ನಾಲ್ಕು ಹತ್ತು.

ರೇಣವ್ವ ಹೊರಗೆ ಹೋಗಿ ಅತ್ತಳು. ಮುಖ ತೊಳೆದು ಬಂದು ಕೂತಳು. ಇನ್ನೂರು ಮಕ್ಕಳಿಗೆ ಅಡುಗೆ ಮಾಡುವವಳು ತಳ ಹತ್ತಿತೆಂದು ಅಳುತ್ತಾ ಕೂರುವುದಿಲ್ಲ, ಇನ್ನೊಂದು ಪಾತ್ರೆಗೆ ಎಸರಿಡುತ್ತಾಳೆ.

ಹೊಸ ವರ್ಕ್‌ಸ್ಪೇಸಿನಲ್ಲಿ ಒಂದೊಂದೇ ಸಾಲು ಬರುತ್ತಾ ಹೋಯಿತು. ಹಿಂದೆ ಎಲ್ಲೆಲ್ಲಿ ತಪ್ಪಿದ್ದಳೋ ಅಲ್ಲೆಲ್ಲ ಬೆರಳು ತಾನಾಗಿ ನಿಂತು, ನೋಡಿ, ಮುಂದೆ ಹೋಯಿತು. ಮೂರು ವಾರದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯಿತು.

ಸರ್ ಇನ್ನೂರ ಹದಿನಾಲ್ಕು ಮಕ್ಕಳು ಎಂದು ಒತ್ತಿದರು. ಅಕ್ಕಿ, ಬೇಳೆ ಸರಿಯಾಗಿ ಬಂತು. ಅವಳ ಹೆಸರಿನ ಮುಂದೆ ಪಾಸ್ ಎಂದು ಬರೆದುಕೊಂಡರು.

ಆಗ ರೇಣವ್ವ ತನ್ನ ಹೆಸರಿನ ವರ್ಕ್‌ಸ್ಪೇಸ್ ತೆರೆದು ಒಮ್ಮೆ ಓಡಿಸಿದಳು. "ರೇಣವ್ವ" ಎಂದು ಬಂತು... ಕಣ್ಣು ತುಂಬಿತು. ಹಾಗೇ ಅದನ್ನೂ ಡಿಲೀಟ್ ಮಾಡಿದಳು.

ಅದೊಂದು ಇರಲಿ ಬಿಡಿ ಅಕ್ಕ, ಎಂದರು ಸರ್.

"ಹೆಪ್ಪಿಗೆ ಒಂದ ಚಮಚಾ ಮೊಸರ ಸಾಕ್ರೀ ಸರ. ಗಡಿಗಿ ತುಂಬ ಹಳೇ ಮೊಸರ ಇಟ್ಕೊಂಡ ಕುಂತ್ರ, ನಾಳಿ ಹಾಲ ಎಲ್ಲಿ ಹಾಕ್ಲಿ?"

ಈಗ ಆ ಗ್ರಂಥಾಲಯದಲ್ಲಿ ಹೊಸಬರಿಗೆ ಮೊದಲ ಪಾಠ ರೇಣವ್ವನದೇ... ವರ್ಕ್‌ಸ್ಪೇಸಿಗೆ ನೆಟ್ಟಗೆ ಹೆಸರಿಡಿ!

*ಅಳಿಸಿ ಹೋಗುವುದು ಬರೆದದ್ದು ಮಾತ್ರ... ಕಲಿತದ್ದಲ್ಲ.*

ಹುಳಿ ಬಂದರೂ ಚೆಲ್ಲಲು ಮನಸ್ಸಾಗದೆ ನೀವು ಇಟ್ಟುಕೊಂಡಿರುವ ಗಡಿಗೆ ಯಾವುದು?