ಒಗ್ಗರಣೆಗಿಲ್ಲದ ಎಲೆ

"ಇವತ್ತಿನ ಸಾರಿಗೆ ಬರೀ ಸಾಸಿವೆ ಒಗ್ಗರಣೆ. ಕರಿಬೇವಿಲ್ಲ," ಎನ್ನುತ್ತ ವಿಶಾಲಾಕ್ಷಿ ಬೋಳು ಗಿಡದ ಕುಂಡವನ್ನು ತಂದು ಸೊಸೆಯ ಲ್ಯಾಪ್‌ಟಾಪಿನ ಪಕ್ಕದಲ್ಲೇ ಕುಕ್ಕಿದರು. "ನೋಡು, ಹುಳ ಒಂದೆಲೆ ಉಳಿಸಿಲ್ಲ. ಮೈಸೂರಿಂದ ಮಡಿಲಲ್ಲಿಟ್ಕೊಂಡು ತಂದ ಗಿಡ ಇದು."

ಹಂಸಾ ತಲೆ ಎತ್ತಲಿಲ್ಲ. ಕೊಲ್ಕತ್ತದ ಜನ ಚಿಟ್ಟೆಗಳ ಚಿತ್ರ ತೆಗೆದು, ಕೆಳಗೆ ಬಂಗಾಳಿಯಲ್ಲೋ ಹಿಂದಿಯಲ್ಲೋ ನಾಲ್ಕು ಮಾತು ಬರೆದು ಅವಳ ಸಂಶೋಧನೆಗೆ ಕಳಿಸಿದ್ದರು. ಆ ರಾಶಿಯನ್ನೆಲ್ಲ ಅವಳು ಎಐಯಿಂದ ಓದಿಸುತ್ತಿದ್ದಳು. ಊರ ನಡುವಿನ ಬಿಬಿಡಿ ಬಾಗ್‌ನ ಕಚೇರಿಗಳ ನಡುವೆ, ತೋಟವೇ ಇಲ್ಲದ ಕಡೆ, ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಕಪ್ಪು ಚಿಟ್ಟೆ ಮೊಟ್ಟೆಯಿಡುವುದೆಲ್ಲಿ? ಉತ್ತರ ಸಿಕ್ಕಿರಲಿಲ್ಲ. "ನಾಳೆಯೂ ಬರಿಗೈಯಲ್ಲಿ ಬಂದ್ರೆ ಈ ಕೆಲಸ ನಿಲ್ಲಿಸೋಣಮ್ಮ. ಜನರ ಹರಟೆಯಲ್ಲಿ ವಿಜ್ಞಾನ ಹುಟ್ಟಲ್ಲ," ಎಂದಿದ್ದರು ಜಾದವ್‌ಪುರ ವಿಶ್ವವಿದ್ಯಾಲಯದ ಪ್ರೊಫೆಸರ್ ಅಶ್ವತ್ಥನಾರಾಯಣ.

"ಔಷಧಿ ಹೊಡೆದುಬಿಡ್ತೀನಿ," ಎಂದರು ಅತ್ತೆ.

"ಬೇಡಿ ಅತ್ತೆ." ಹಂಸಾ ಈಗ ಕುಂಡದ ಕಡೆ ತಿರುಗಿದಳು. ಕಡ್ಡಿಗೆ ಅಂಟಿದ್ದ ಹಸಿರು ಹುಳ ಅದೇ ಕಪ್ಪು ಚಿಟ್ಟೆಯ ಮರಿ. ಅದು ಕರಿಬೇವು ತಿನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕರಿಬೇವಿನ ಸುದ್ದಿಯನ್ನು ಜನ ಅತ್ತೆಯ ಹಾಗೆ ಅಡುಗೆಯ ಮಾತಿನಲ್ಲೇ ಬರೆಯುತ್ತಾರೆಂಬುದು ಈಗ ಹೊಳೆಯಿತು.

ಕೊಲ್ಕತ್ತದವರು ಚಿಟ್ಟೆಯ ಬಗ್ಗೆ ಶುರುಮಾಡಿದರೂ ಇಲಿಶ್ ಮೀನಿಗೆ ಬಂದು ನಿಲ್ಲುತ್ತಾರೆ. ಅದಕ್ಕೆ ಬೇಸತ್ತು, ಅಡುಗೆಯ ಮಾತಿದ್ದುದನ್ನೆಲ್ಲ ಬಿಟ್ಟುಬಿಡು ಎಂದು ಅವಳೇ ಎಐಗೆ ಅಪ್ಪಣೆ ಕೊಟ್ಟಿದ್ದಳು. ಅದು ಚಾಚೂ ತಪ್ಪದೆ ಪಾಲಿಸಿತ್ತು.

ಆ ಅಪ್ಪಣೆಯನ್ನು ಅಳಿಸಿ ಮತ್ತೆ ಓದಿಸಿದಳು. ಬಿಟ್ಟುಹೋಗಿದ್ದ ಮಾತುಗಳು ಒಂದೊಂದಾಗಿ ಎದ್ದು ಬಂದವು. "ಆಫೀಸ್ ಕ್ಯಾಂಟೀನಿನ ತಾರಸಿ ಗಿಡ ಬೋಳು, ದೋಸೆಯವನ ಗೋಳು ಕೇಳೋಕಾಗಲ್ಲ." "ಇಡ್ಲಿ ಅಂಗಡಿಯ ಕುಂಡದಲ್ಲಿ ಹುಳ, ಚಟ್ನಿ ಸಪ್ಪೆ." ಪ್ರತಿಯೊಂದನ್ನೂ ಅದರ ಚಿತ್ರದೊಡನೆ ತಾಳೆ ನೋಡಿದಳು. ಒಂದೆರಡು ಕಡೆ ಎಐ ಬೇವನ್ನೇ ಕರಿಬೇವು ಎಂದಿತ್ತು; ಅವನ್ನು ತೆಗೆದುಹಾಕಿದಳು. ಉಳಿದವು ನಕಾಶೆಯ ಮೇಲೆ ಕೂತಾಗ ಬಿಬಿಡಿ ಬಾಗ್ ತುಂಬ ಹಸಿರು ಚುಕ್ಕೆ.

ಮರುದಿನ ಅಶ್ವತ್ಥನಾರಾಯಣ ನಕಾಶೆಯ ಚುಕ್ಕೆಗಳನ್ನು ಬೆರಳಿಟ್ಟು ಎಣಿಸಿದರು. "ಇಷ್ಟೆಲ್ಲ ಎಲ್ಲಿ ಸಿಕ್ತಮ್ಮ?"

"ಹರಟೆಯಲ್ಲೇ ಸಾರ್."

ಅವರು ಕನ್ನಡಕ ತೆಗೆದು ನಕ್ಕರು. "ಹಾಗಾದ್ರೆ ನಿಲ್ಲಿಸಬೇಡ. ಇಡೀ ಊರಿನ ಹರಟೆ ಓದಿಸು."

ಸಂಜೆ ಹಂಸಾ ಮನೆಗೆ ಬಂದಾಗ ವಿಶಾಲಾಕ್ಷಿ ಲೇಕ್ ಮಾರ್ಕೆಟ್ಟಿನಿಂದ ತಂದ ಕರಿಬೇವನ್ನು ಚೆನ್ನಾಗಿ ತೊಳೆಯುತ್ತಿದ್ದರು. ಅರ್ಧ ಸಾರಿನ ಒಗ್ಗರಣೆಗೆ ಬಿತ್ತು. ಉಳಿದರ್ಧವನ್ನು ಅವರು ಬಾಲ್ಕನಿಗೆ ಒಯ್ದು, ಹುಳ ತಿನ್ನಲೆಂದು ಬೋಳು ಗಿಡದ ಕಡ್ಡಿಗಳಿಗೆ ದಾರದಿಂದ ಕಟ್ಟತೊಡಗಿದರು.